ಮೊಮ್ಮಗಳಿಗಾಗಿ ಒಂದು ಹಳೇ ಬೋಟು ಅಳೆದದ್ದು

ಮೊಮ್ಮಗಳು ಹುಟ್ಟಿದ ಮೇಲೆ ನನ್ನ ಅಳತೆಗಳೆಲ್ಲ ತಪ್ಪಲಿಕ್ಕೆ ಶುರುವಾದವು. ದುಬೈಯ ಸತ್ವಾ ಪೇಟೆಯ ಟೈಲರ್ ಅಂಗಡಿಯಲ್ಲಿ ಯಾರದೋ ಪ್ಯಾಂಟಿಗೆ ಟೇಪು ಹಿಡಿದವಳು, ಮಗುವಿನ ಕಾಲಿನ ಕಿರುಬೆರಳು ನೆನಪಾಗಿ ನಗುತ್ತ ನಿಂತುಬಿಡುತ್ತಿದ್ದೆ. ಆಮೇಲೆ ನೋಡಿದರೆ ಸೊಂಟದ ಅಳತೆ ಉದ್ದದ ಜಾಗದಲ್ಲಿ ಕೂತಿರುತ್ತಿತ್ತು. “ಅಜ್ಜಿ ಆದದ್ದು ದುಬೈಯಲ್ಲಿ ನೀವೊಬ್ರೇನಾ?” ಅಂತ ಅಂಗಡಿಯ ಮಾಸ್ಟರ್ ಬೈದರು. ನನಗೆ ಹಾಗೇ ಅನ್ನಿಸುತ್ತಿತ್ತು, ಎಂತ ಮಾಡುವುದು! ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಫೋನಿನಲ್ಲಿ ಫೋಟೋ ತೋರಿಸುತ್ತಿದ್ದೆ. ಒಬ್ಬ ಪಠಾಣ ಮುದುಕ ನೋಡಿ ಎರಡೂ ಕೈ ಎತ್ತಿ ಪ್ರಾರ್ಥನೆ ಮಾಡಿದ. ನನಗೆ ಅಲ್ಲೇ ಕಣ್ಣಲ್ಲಿ ನೀರು.

ಈ ಖುಷಿಯ ನಡುವೆ ಬಂದದ್ದು ಬೋಟಿನ ಕೆಲಸ.

ನಾವಿದ್ದದ್ದು ಸತ್ವಾದ ಒಂದು ಹಳೇ ವಿಲ್ಲಾದಲ್ಲಿ. ವಿಲ್ಲಾ ಅಂದರೆ ದೊಡ್ಡ ಮಾತಾಯಿತು. ಅದರೊಳಗಿನ ಒಂದು ಕೋಣೆಗೆ ಪ್ಲೈವುಡ್ ಅಡ್ಡ ಹಾಕಿ ಎರಡು ಮಾಡಿದ್ದರು. ಒಂದರಲ್ಲಿ ಮಗ, ಸೊಸೆ, ಮಗು. ಇನ್ನೊಂದರಲ್ಲಿ ನಾನು ಮತ್ತು ನನ್ನ ಹೊಲಿಗೆ ಮೆಷಿನ್. ಮಗು ರಾತ್ರಿ ಮುಲುಗಿದರೆ ಪ್ಲೈವುಡ್‌ಗೆ ಕಿವಿ ಇಡುತ್ತಿದ್ದೆ. ಚಳಿಗಾಲ ಶುರುವಾಗುವಾಗ ಎಲ್ಲರೂ ಖಾಲಿ ಮಾಡಬೇಕು, ವಿಲ್ಲಾ ಕೆಡವುತ್ತಾರೆ ಅಂತ ಹೇಳಿಕಳಿಸಿದರು. ಮಗ ಎಲ್ಲ ಕಡೆ ತಿರುಗಿದ. ಕೂಸು ಉಂಟು, ಅಜ್ಜಿ ಉಂಟು, ಮೆಷಿನ್ ಉಂಟು ಅಂದ ಕೂಡಲೇ ಬಾಗಿಲು ಅರ್ಧಕ್ಕೇ ನಿಲ್ಲುತ್ತಿತ್ತು.

ಸೊಸೆ ನರ್ಸ್, ಹೆರಿಗೆಯ ರಜೆಯಲ್ಲಿದ್ದಳು. ಅವಳಿಗೆ ದುಬೈಯಿಂದ ಎರಡು ಗಂಟೆ ದೂರದ ಅಲ್ ಐನ್‌ನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಗುವ ಹಾಗಿತ್ತು. ಅಲ್ಲಿ ಅವಳ ಅಕ್ಕನ ಸಂಸಾರ ಉಂಟು. ಅಕ್ಕ ಮನೆಯಲ್ಲೇ ಇರುವವಳು, ಮಗುವನ್ನು ನೋಡಿಕೊಳ್ಳುತ್ತೇನೆ ಅಂದಿದ್ದಳು. ಅದು ಎರಡು ಕೋಣೆಯ ಮನೆ, ಆಗಲೇ ನಾಲ್ಕು ಜನ. ತಾಯಿ, ಮಗು ಸೇರಬಹುದು, ನಾನು ಸೇರಲಿಕ್ಕಾಗುವುದಿಲ್ಲ. ಇದನ್ನು ಯಾರೂ ನನಗೆ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಆಗ ಮಗ ಈ ಬೋಟಿನ ಸುದ್ದಿ ತಂದ. ಅವನು ದುಬೈಯಲ್ಲಿ ಶ್ರೀಮಂತರ ಬೋಟುಗಳ ಎಂಜಿನ್ ಮೆಕ್ಯಾನಿಕ್. ಅವನ ಯಜಮಾನರ ಗುರುತಿನವರದೊಂದು ಹಳೇ ಯಾಟ್ ಅಬುಧಾಬಿಯ ಮುಸಫ್ಫಾದಲ್ಲಿ ನಿಂತಿತ್ತು. ಯಾರೂ ಓಡಿಸುತ್ತಿರಲಿಲ್ಲ. ನೀನು ಓಡುವ ಹಾಗೆ ಮಾಡಿಕೊಂಡರೆ ನಿನಗೇ ಬಿಟ್ಟುಕೊಡುತ್ತೇವೆ, ಇಟ್ಟುಕೋ ಅಂದರಂತೆ. ಅದನ್ನು ರಿಪೇರಿ ಮಾಡಿ ದುಬೈಗೆ ತಂದು, ಜನ ವಾಸ ಮಾಡಲಿಕ್ಕೆ ಒಪ್ಪಿಗೆ ಇರುವ ಮರೀನಾದ ಬೋಟುಕಟ್ಟೆಯಲ್ಲಿ ಕಟ್ಟಿ, ಅದರಲ್ಲೇ ಸಂಸಾರ ಹೂಡುವುದು ಅವನ ಯೋಚನೆ.

“ಮರದ ಬೋಟು ಕೊಳೀತದೆ, ಕಬ್ಬಿಣ ತುಕ್ಕು ಹಿಡೀತದೆ. ಇದು ಅಲ್ಯೂಮಿನಿಯಂ ಅಮ್ಮಾ. ಇದಕ್ಕೆ ಪೇಂಟು ಸಹ ಬೇಡ.”

“ಹಾಗಾದ್ರೆ ಇಡ್ಲಿ ಬೇಯಿಸುವ ಅಟ್ಟ.”

“ಹ್ಞಾಂ, ದೊಡ್ಡ ಇಡ್ಲಿ ಅಟ್ಟ. ಒಳಗೆ ನೀನೂ ನಿನ್ನ ಮೊಮ್ಮಗಳೂ ಎರಡು ಇಡ್ಲಿ.”

ಸೊಸೆ ನಗಲಿಲ್ಲ. “ಹಗಲು ನಾವಿಬ್ರೂ ಕೆಲಸಕ್ಕೆ ಹೋಗ್ತೇವೆ. ಅಲ್ಲಿ ಇರುದು ಅತ್ತೆ, ಮಗು ಇಬ್ರೇ. ಅತ್ತೆ ನೋಡ್ಲಿ ಮೊದಲು,” ಅಂದಳು. ನನಗೆ ನೋಡುವುದು ಎಂತ ಇತ್ತು? ಅಂಗಡಿ ಬಿಟ್ಟು ಇಡೀ ಹಗಲು ನಾನು, ಮಗು ಇಬ್ಬರೇ ಅಂದದ್ದೇ ಕಿವಿಯಲ್ಲಿ ಕೂತಿತು. ತೂತು ಬಿದ್ದ ಬಾಲ್ದಿ ತೋರಿಸಿದ್ದರೂ ಮನೆ ಚೆಂದ ಉಂಟು ಅನ್ನುತ್ತಿದ್ದೆನೇನೋ.

ರಜೆಯ ದಿನ ಮಗನ ಜೊತೆ ಪಿಕಪ್‌ನಲ್ಲಿ ಮುಸಫ್ಫಾಕ್ಕೆ ಹೋದೆ. ಬೋಟುಗಳಿಗೆ ಹಾಸಿಗೆ, ದಿಂಬು, ಪರದೆ ಹೊಲಿದು ನನಗೆ ಅಭ್ಯಾಸ ಉಂಟು. ಆದ್ದರಿಂದ ಅಳತೆ ತೆಗೆಯುವ ಕೆಲಸ ನನ್ನದು, ಎಂಜಿನ್ ಅವನದು. ಯಾರ್ಡಿನ ಕಟ್ಟೆಗೆ ಕಟ್ಟಿದ ಬೋಟು ಬಣ್ಣವಿಲ್ಲದೆ ಬೂದಿಯ ಹಾಗೆ ಕಾಣುತ್ತಿತ್ತು. ಒಳಗೆ ಡೀಸೆಲ್ ವಾಸನೆ, ಮುಚ್ಚಿಟ್ಟ ಪೆಟ್ಟಿಗೆಯ ವಾಸನೆ. ಮೇಲೆ ಕೂತುಕೊಳ್ಳುವ ಹಜಾರ, ಒಂದು ಒಲೆ. ಕೆಳಗಿಳಿಯಲಿಕ್ಕೆ ನೆಟ್ಟಗೆ ನಿಂತ ಲೋಹದ ಏಣಿ. ಕೆಳಗೆ ಎರಡು ಮಲಗುವ ಕೋಣೆ. ಬೋಟಿನ ಮುಂದಿನ ಮೂತಿಯ ಕಡೆಯ ಕೋಣೆ ನನಗೂ ಮಗುವಿಗೂ ಅಂತ ಮಗ ಮೊದಲೇ ಹೇಳಿಟ್ಟಿದ್ದ.

ಮೂತಿಯ ಕೋಣೆಯ ಹಾಸಿಗೆ ಹೊಲಿಯುವುದು ಸುಲಭ ಅಲ್ಲ. ತಲೆಯ ಕಡೆ ಅಗಲ, ಕಾಲಿನ ಕಡೆ ಬರುಬರುತ್ತ ಚೂಪು. ಅದಲ್ಲದೆ ಬೋಟಿನ ಗೋಡೆ ಕೆಳಗಿನಿಂದ ಮೇಲಕ್ಕೆ ಹೊರಗೆ ಬಾಗಿರುತ್ತದೆ. ಫೋಮಿನ ಅಂಚನ್ನು ನೆಟ್ಟಗೆ ಕತ್ತರಿಸಿದರೆ ಗೋಡೆಗೂ ಹಾಸಿಗೆಗೂ ನಡುವೆ ಸಂದು ಉಳಿಯುತ್ತದೆ, ಮಗುವಿನ ಕೈ ಅಲ್ಲಿ ಸಿಕ್ಕುತ್ತದೆ. ಓರೆ ಕತ್ತರಿಸಬೇಕು. ಅದಕ್ಕೆ ಟೇಪು ಸಾಲುವುದಿಲ್ಲ. ಹಳೇ ನ್ಯೂಸ್‌ಪೇಪರ್ ಅಂಟಿಸಿ, ಮೇಲಿನ ಅಂಚಿಗೊಂದು, ಕೆಳಗಿನ ಅಂಚಿಗೊಂದು, ಎರಡು ಬೇರೆ ಬೇರೆ ಮಾದರಿ ತೆಗೆಯಬೇಕು. ಮಂಡಿ ಊರಿ ಪೇಪರ್ ಕತ್ತರಿಸುತ್ತ ನಾನು ಹಾಡು ಹೇಳಿಕೊಳ್ಳುತ್ತಿದ್ದೆನಂತೆ. ಎಂಜಿನ್ ಕೋಣೆಯಿಂದ ಮಗ ಕೂಗಿದ, “ಅಮ್ಮಾ, ಬ್ಯಾಟರಿ ಇನ್ನೂ ಚಾರ್ಜ್ ಆಗಿಲ್ಲ, ರೇಡಿಯೋ ಎಲ್ಲಿಂದ ಬಂತು?”

ಒದ್ದೆಯ ಪರೀಕ್ಷೆ ನನ್ನದೇ ಕ್ರಮ. ಹಾಸಿಗೆ ಹೊಲಿದುಕೊಟ್ಟ ಮೇಲೆ ಬೂಸು ಬಂತು ಅಂತ ಬೈಸಿಕೊಂಡು ಕಲಿತದ್ದು. ಗೋಡೆಗೆ ಹೊಡೆದ ಹಲಗೆಯ ಹಿಂದೆ, ಹಾಸಿಗೆಯ ಕೆಳಗೆ, ಕಪಾಟಿನ ಮೂಲೆಯಲ್ಲಿ ಒಣಗಿದ ಹತ್ತಿಬಟ್ಟೆ ತುರುಕಿ, ಒಂದು ರಾತ್ರಿ ಜನ ಒಳಗೆ ಮಲಗಬೇಕು, ಬೆಳಿಗ್ಗೆ ಎಳೆದು ನೋಡಬೇಕು. ನಾನು, ಮಗ ಅಲ್ಲೇ ಮಲಗಿದೆವು. ಬೆಳಿಗ್ಗೆ ಹೊರಗೆ ಮಂಜು. ಪಕ್ಕದ ಬೋಟು ಸಹ ಕಾಣುತ್ತಿರಲಿಲ್ಲ. ಬಟ್ಟೆ ಎಳೆದರೆ ಹಿಂಡುವಷ್ಟು ಒದ್ದೆ. ನಾವು ಉಸಿರಾಡಿದ್ದೆಲ್ಲ ತಣ್ಣಗಿನ ಲೋಹಕ್ಕೆ ತಾಗಿ ನೀರಾಗಿತ್ತು. ಹಲಗೆಯ ಹಿಂದಿನಿಂದ ಹನಿ ಹನಿ ಇಳಿದು ಬೋಟಿನ ಹೊಟ್ಟೆಗೆ, ಅವರು ಬಿಲ್ಜ್ ಅನ್ನುವ ತಳಕ್ಕೆ, ಸೇರುತ್ತಿತ್ತು. ನನ್ನ ಹಾಸಿಗೆಯ ಅಡಿ ಕೂಸು ಉಚ್ಚೆ ಹೊಯ್ದ ಹಾಗೆ ಆಗಿತ್ತು.

“ಇಡ್ಲಿ ಬೆಂದಿತು,” ಅಂದೆ.

ಮಗನ ಮುಖ ಸಣ್ಣದಾಯಿತು. “ಒಳಗೆ ಫೋಮ್ ಶೀಟ್ ಅಂಟಿಸಿದ್ರೆ ನಿಲ್ತದೆ ಅಮ್ಮಾ. ಎಲ್ಲ ಅಲ್ಯೂಮಿನಿಯಂ ಬೋಟಿಗೂ ಇದು ಇದ್ದದ್ದೇ.”

ಅವನ ಮುಖ ನೋಡಿ ನಾನೇ ಸಮಾಧಾನ ಹೇಳಿದೆ. ಹಾಸಿಗೆಯ ಅಡಿಗೆ ಮರದ ಪಟ್ಟಿ ಕೊಡುವ, ಗಾಳಿ ಆಡ್ತದೆ, ಅಡಿಬಟ್ಟೆ ಜಾಲರಿಯದ್ದು ಹಾಕುವ ಅಂತ. ಸಮಾಧಾನ ಯಾರಿಗೆ ಹೇಳಿದ್ದು ಅಂತ ಈಗ ನನಗೆ ಗೊತ್ತುಂಟು.

ಆ ಪಟ್ಟಿಯ ಅಳತೆ ತೆಗೆಯಲಿಕ್ಕೆ ಮಂಚದ ಹಲಗೆ ಎತ್ತಿದಾಗ ಅದು ಸಿಕ್ಕಿತು. ಟಾರ್ಚು ಬಿಟ್ಟೆ. ಬೋಟಿನ ತಳದ ಲೋಹಕ್ಕೇ ನಾಲ್ಕು ಗಿಡ್ಡ ಸ್ಕ್ರೂ ಹಾಕಿ ಕೂರಿಸಿದ ಒಂದು ತಾಮ್ರದ ತಗಡು. ಅಂಗೈಯಷ್ಟು ದೊಡ್ಡದು. ಕಿಲುಬು ಹಿಡಿದು ಹಸಿರಾಗಿದ್ದರೂ ಮೇಲಿನ ಗೆರೆಗಳು ಕಂಡವು. ದೇವಿಯ ಯಂತ್ರ! ನಮ್ಮೂರಲ್ಲಿ ಭಟ್ಟರು ಬರೆಸಿ ಪೂಜೆ ಮಾಡಿ ಕೊಡುವಂಥದ್ದು. ಮೂಲೆಯಲ್ಲಿ ಕನ್ನಡದಲ್ಲೇ ‘ಶ್ರೀ’ ಅಂತ ಕೊರೆದಿತ್ತು.

ನಾನು ಬೊಬ್ಬೆ ಹೊಡೆದದ್ದಕ್ಕೆ ಮಗ ಎದ್ದುಬಿದ್ದು ಓಡಿ ಬಂದ. “ನಮ್ಮವರು ಇದ್ರು ಮಗಾ ಈ ಬೋಟಲ್ಲಿ! ನಮ್ಮ ಊರಿನವರೇ!” ಅಂದೆ. ಅವನು ಬಾಗಿಲಿನಿಂದಲೇ ಬಗ್ಗಿ ನೋಡಿ, ಕೈ ಗ್ರೀಸ್ ಆಗಿದೆ ಅಂತ ಮುಟ್ಟದೆ ಹೋದ. “ಒಳ್ಳೇದಾಯ್ತು, ಇನ್ಶೂರೆನ್ಸ್ ಮಾಡ್ಸಿ ಇಟ್ಟಿದ್ದಾರೆ,” ಅಂತ ನಕ್ಕ.

ನನಗೆ ಅದು ದೇವಿಯೇ ಕರೆದು ಹೇಳಿದ ಹಾಗೆ ಆಯಿತು. ಯಾರೋ ನಮ್ಮ ಕಡಲತೀರದ ಹುಡುಗ, ಈ ಬೋಟಿನಲ್ಲಿ ಖಲಾಸಿಯೋ ಅಡುಗೆಯವನೋ ಆಗಿದ್ದವನು, ಸಮುದ್ರಕ್ಕೆ ಹೆದರಿ, ಊರಿಂದ ತರಿಸಿ, ಯಾರಿಗೂ ಕಾಣದ ಹಾಗೆ ಇಲ್ಲಿ ಇಟ್ಟಿದ್ದಾನೆ. ಅದರ ಮೇಲೆಯೇ ನನ್ನ ಮಗು ಮಲಗುವುದು. ಇನ್ನೆಂತ ಬೇಕು? ಸ್ಕ್ರೂ ಬಿಚ್ಚಿ ತಗಡು ತೆಗೆದೆ, ಮೆಷಿನ್ ಬಿಚ್ಚಿ ಜೋಡಿಸುವವಳಿಗೆ ಅದು ಎಂಥ ಕೆಲಸ. ಅಡಿಯಲ್ಲಿ ಬಿಳಿ ಹುಡಿ ಇತ್ತು, ಒದ್ದೆ ಸುಣ್ಣದ ಹಾಗೆ ಮೆತ್ತಗೆ. ಸಾಬೂನು ಹುಡಿ ಸೋರಿ ಬಂದು ಕೂತಿದೆ ಅಂತ ಗ್ರಹಿಸಿ ಬಟ್ಟೆಯಲ್ಲಿ ಒರೆಸಿ ಬಿಸಾಡಿದೆ. ಹುಡಿ ಹೋದ ಮೇಲೆ ಲೋಹ ಸಿಡುಬಿನ ಕಲೆಯ ಹಾಗೆ ಗುಳಿ ಗುಳಿ ಕಂಡಿತು. ಹಳೇ ಪಾತ್ರೆಯ ತಳವೂ ಹಾಗೇ ಇರುತ್ತದಲ್ಲ ಅಂದುಕೊಂಡೆ.

ತಗಡನ್ನು ಮನೆಗೆ ತಂದೆ. ಹುಣಸೆಹುಳಿಗೆ ಉಪ್ಪು ಸೇರಿಸಿ ತಿಕ್ಕಿದೆ, ಹಬ್ಬಕ್ಕೆ ತಾಮ್ರದ ಕೊಡ ತಿಕ್ಕುವ ಹಾಗೆ. ಕೆಂಪಗೆ ಹೊಳೆಯಿತು. ಬರ್ ದುಬೈಯ ದೇವಸ್ಥಾನದ ಗಲ್ಲಿಯಿಂದ ಕುಂಕುಮ ತಂದು ಹಚ್ಚಿದೆ. ಸೊಸೆ ಸಹ ಮಗುವನ್ನು ಎತ್ತಿಕೊಂಡು ಬಂದು ಕೈ ಮುಗಿದಳು, ಅವಳ ಮುಖದಲ್ಲಿ ಮೊದಲ ಸಲ ಬೋಟಿನ ಬಗ್ಗೆ ಸ್ವಲ್ಪ ನಂಬಿಕೆ ಕಂಡಿತು. ಮುಂದಿನ ಸಲ ಹೋದಾಗ ತಗಡನ್ನು ಅದೇ ಜಾಗದಲ್ಲಿ ಕೂರಿಸಿ, ನೀರು ಪ್ರೋಕ್ಷಣೆ ಮಾಡಿ, ಸ್ಕ್ರೂ ಬಿಗಿ ಮಾಡಿ ಹಲಗೆ ಮುಚ್ಚಿದೆ.

ಅಲ್ಲಿಂದ ಮೇಲೆ ಕೆಲಸ ಓಡಿತು. ಮಗ ಎರಡು ಎಂಜಿನ್ನಿನಲ್ಲಿ ಒಂದಕ್ಕೆ ಜೀವ ಬರಿಸಿದ. ನಾನು ಅಂಗಡಿಯ ಕೆಲಸ ಮುಗಿಸಿ ಫೋಮ್ ಓರೆ ಕತ್ತರಿಸಿ, ಜಾಲರಿ ಅಡಿಬಟ್ಟೆ ಕೊಟ್ಟು, ಉಪ್ಪುಗಾಳಿಗೆ ಲೋಹದ ಜಿಪ್ ಹಿಡಿದುಕೊಳ್ಳುತ್ತದೆ ಅಂತ ಪ್ಲಾಸ್ಟಿಕ್ ಜಿಪ್ ಹಾಕಿ ಹಾಸಿಗೆ ಹೊಲಿದೆ. ಮಗು ಉರುಳಿ ಬೀಳದ ಹಾಗೆ ಉದ್ದ ದಿಂಬು ಹೊಲಿದೆ. ಹೊಲಿಯುವಾಗ ಅವಳು ನನ್ನ ಮೆಷಿನ್ನಿನ ಪಕ್ಕ ಮಲಗಿ, ಚಕ್ರ ತಿರುಗುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ನಿಲ್ಲಿಸಿದರೆ ಕಾಲು ಒದೆಯುತ್ತಿದ್ದಳು. ಅವಳಿಗೋಸ್ಕರ ಬರಿದೇ ಚಕ್ರ ತಿರುಗಿಸುತ್ತ ಕೂತದ್ದೂ ಉಂಟು.

ಬೋಟನ್ನು ತೆಗೆದುಕೊಳ್ಳುವ ಮೊದಲು ನೀರಿನಿಂದ ಎತ್ತಿ ತಳ ಪರೀಕ್ಷೆ ಮಾಡಿಸಬೇಕು ಅಂತ ಮಗನೇ ಹಟ ಹಿಡಿದ. ಅದಕ್ಕೆ ಒಬ್ಬರು ಸರ್ವೇಯರ್ ಬಂದರು. ಕುಂದಾಪುರ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು, ತಲೆ ಪೂರ್ತಿ ನರೆತವರು. ನಾನು ಕನ್ನಡ ಮಾತಾಡಿದ ಕೂಡಲೇ, “ಅಮ್ಮ, ನಿಮ್ಮದು ಉಡುಪಿಯ ಯಾವ ಬದಿ?” ಅಂತ ಕೇಳಿದರು. ಆ ದಿನ ಸೊಸೆಯೂ ಮಗುವೂ ಬಂದಿದ್ದರು. ದಪ್ಪ ಪಟ್ಟಿ ಕಟ್ಟಿ ಕ್ರೇನಿನಲ್ಲಿ ಬೋಟನ್ನು ಮೇಲೆತ್ತಿ ಮರದ ದಿಮ್ಮಿಗಳ ಮೇಲೆ ಇಳಿಸಿದರು. ತಳದಿಂದ ನೀರು ಸೋರುತ್ತಿತ್ತು, ಚಿಪ್ಪು, ಪಾಚಿ ಜೋಲುತ್ತಿತ್ತು. ಮಗುವಿಗೆ ಅದು ದೊಡ್ಡ ತಮಾಷೆ. ಬಾಯಿ ತೆರೆದು ನೋಡಿತು.

ಸರ್ವೇಯರ್ ತಳವನ್ನು ಅಲ್ಲಲ್ಲಿ ಕೆರೆದು, ಜೆಲ್ಲಿಯಂಥದ್ದು ಹಚ್ಚಿ, ಒಂದು ಸಣ್ಣ ಯಂತ್ರದ ಗುಂಡಿ ಒತ್ತಿ ಹಿಡಿಯುತ್ತಿದ್ದರು. ಲೋಹ ಎಷ್ಟು ದಪ್ಪ ಉಳಿದಿದೆ ಅಂತ ಅದು ತೋರಿಸುತ್ತದೆ. ಸೊಸೆಯ ಸ್ಕ್ಯಾನಿಂಗಿಗೆ ನಾನು ಜೊತೆಗೆ ಹೋಗಿದ್ದಾಗ ಅವಳ ಹೊಟ್ಟೆಗೆ ಹಚ್ಚಿದ್ದೂ ಅಂಥದ್ದೇ ಜೆಲ್ಲಿ. ಆಗಲೂ ನಾನು ಪರದೆಯನ್ನು ನೋಡಲಿಲ್ಲ, ಡಾಕ್ಟರ ಮುಖವನ್ನೇ ನೋಡಿದ್ದೆ. ಈಗ ಸರ್ವೇಯರ ಮುಖ ನೋಡಿದೆ. ನಡುವಿನಲ್ಲಿ ಒಳ್ಳೆಯದು, ಹಿಂದೆ ಒಳ್ಳೆಯದು. ಹೊರಗೆ ಕೂರಿಸಿದ್ದ ಸತುವಿನ ಗಟ್ಟಿಗಳು ಅರ್ಧ ಕರಗಿದ್ದವು. ಅವು ಇರುವುದೇ ಕರಗಲಿಕ್ಕೆ, ಬೋಟಿನ ಬದಲು ಉಪ್ಪುನೀರು ಅವನ್ನು ತಿನ್ನಲಿ ಅಂತ, ಎಂದರು. ಸೀಮೆಸುಣ್ಣದಲ್ಲಿ ಗುರುತು ಹಾಕುತ್ತ ಮೂತಿಯ ಕಡೆ ಹೋದರು. ಅಲ್ಲಿ ಅವರ ಕೈಯ ಯಂತ್ರದ ಅಂಕಿ ಒಂದು ಲೆಕ್ಕಕ್ಕೆ ನಿಲ್ಲಲಿಲ್ಲ. ಮತ್ತೆ ಕೆರೆದರು, ಮತ್ತೆ ಹಿಡಿದರು. ಕಿಸೆಯಿಂದ ಸಣ್ಣ ಸುತ್ತಿಗೆ ತೆಗೆದು ತಟ್ಟಿದರು. ಅಷ್ಟು ಹೊತ್ತು ಟಣ್ ಟಣ್ ಅನ್ನುತ್ತಿದ್ದ ಬೋಟು ಅಲ್ಲಿ ಟಪ್ ಅಂತು.

“ಒಳಗಿಂದ ಇಲ್ಲಿ ಎಂತ ಉಂಟು?”

ನಾನೇ ಮುಂದೆ ನಡೆದೆ. ತೋರಿಸುವ ಸಂಭ್ರಮ ಬೇರೆ. ಹಾಸಿಗೆ ಮಡಚಿ ಹಲಗೆ ಎತ್ತಿದೆ. ತಗಡು ಇನ್ನೂ ಕೆಂಪಗೇ ಇತ್ತು. ಅದರ ಸುತ್ತ ಬಿಳಿ ಹುಡಿ ಹೊಸದಾಗಿ ಉಕ್ಕಿ ಬಂದಿತ್ತು, ಹಾಲು ಉಕ್ಕಿ ಒಲೆಯ ಬಾಯಿಗೆ ಹಿಡಿದ ಹಾಗೆ.

ಸರ್ವೇಯರ್ ತಗಡಿನ ಹತ್ತಿರ ಕೈ ತಂದವರು ತಡೆದು, “ಚಪ್ಪಲಿಯಲ್ಲಿದ್ದೇನೆ, ತೆಗೀಬಹುದಾ ಅಮ್ಮ?” ಅಂತ ಕೇಳಿದರು. ನಾನೇ ತೆಗೆದುಕೊಟ್ಟೆ.

“ಇದನ್ನು ತೊಳೆದದ್ದು ಯಾರು?”

“ನಾನು. ಹುಣಸೆಹುಳಿ ಹಾಕಿ.”

“ಉಪ್ಪು?”

“ಉಪ್ಪಿಲ್ಲದೆ ಕಿಲುಬು ಬಿಡ್ತದಾ?”

ಅವರು ಟೊಪ್ಪಿ ತೆಗೆದು ತಲೆ ಕೆರೆದುಕೊಂಡರು. “ತಾಮ್ರ, ಅಲ್ಯೂಮಿನಿಯಂ ಎರಡೂ ಉಪ್ಪುನೀರಲ್ಲಿ ಒಂದಕ್ಕೊಂದು ತಾಗಿ ಕೂತ್ರೆ ಬ್ಯಾಟರಿ ಆದ ಹಾಗೆ. ತಾಮ್ರಕ್ಕೆ ಏನೂ ಆಗುದಿಲ್ಲ. ಅಲ್ಯೂಮಿನಿಯಂ ಹುಡಿಯಾಗಿ ಹೋಗ್ತದೆ. ಹೊರಗಿನ ಸತು ಹೊರಗೆ ಕಾಯ್ತದೆ, ಒಳಗಿನದ್ದಕ್ಕೆ ಅದರ ಕೈ ಮುಟ್ಟುದಿಲ್ಲ.” ನನ್ನ ಮುಖ ನೋಡಿ, “ಇದು ಎಷ್ಟೋ ವರ್ಷದ್ದಮ್ಮ. ನೀವು ಸ್ವಲ್ಪ ಬೇಗ ಮಾಡಿದ್ರಿ, ಅಷ್ಟೆ,” ಅಂದರು. ಒಳ್ಳೆಯ ಮನುಷ್ಯ, ಸಮಾಧಾನಕ್ಕೆ ಹೇಳಿದ್ದು. ನನಗೆ ಸಮಾಧಾನ ಆಗಲಿಲ್ಲ.

ಸ್ಕ್ರೂಡ್ರೈವರ್ ತೆಗೆದುಕೊಂಡು ಗುಳಿಯ ಮೇಲೆ ಇಟ್ಟು ಒತ್ತಿದರು. ಜೋರಾಗಿ ಅಲ್ಲ, ಬೆಂದ ಗೆಣಸಿಗೆ ಕಡ್ಡಿ ಚುಚ್ಚುವಷ್ಟು.

ಹೊರಗಿನಿಂದ ಮಗನ ದನಿ ಬಂತು. “ಸ್ಕ್ರೂಡ್ರೈವರ್ ಇಲ್ಲಿ ಕಾಣ್ತಾ ಉಂಟು!”

ಆಮೇಲೆ ಬೋಟಿನ ನೆರಳಿನಲ್ಲಿ ಎಲ್ಲರೂ ನಿಂತೆವು. ಮಗ ತೂತಿಗೆ ಬೆರಳು ಇಟ್ಟು ತೆಗೆದು ಇಟ್ಟು ತೆಗೆದು ಮಾಡುತ್ತಿದ್ದ. “ನನಗೆ ಗೊತ್ತಿದ್ದ ವಿಷಯ ಇದು. ಕಲಿಯುವಾಗ ಪರೀಕ್ಷೆಗೆ ಬಂದಿತ್ತು. ಆ ದಿನ ಅಮ್ಮ ಕರೆದಾಗ ಕಣ್ಣೆದುರೇ ಇತ್ತು,” ಅಂದ. ನನಗೆ ಆ ಗುರುತಿಲ್ಲದ ಹುಡುಗನ ಯೋಚನೆ. ಬೋಟು ಮುಳುಗದಿರಲಿ ಅಂತ ತಂದು ಇಟ್ಟವನು. ಪ್ರತಿ ದಿನ ಅದರ ಮೇಲೆ ಧೈರ್ಯವಾಗಿ ನಿದ್ದೆ ಮಾಡಿರುತ್ತಾನೆ.

ಸರ್ವೇಯರ್ ಬಿಡಿಸಿ ಹೇಳಿದರು. ಇಷ್ಟು ಜಾಗ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಬಹುದು, ಅದು ದೊಡ್ಡ ಮಾತಲ್ಲ. ಆದರೆ ಇಲ್ಲಿ ತಾಮ್ರ ಇಟ್ಟವರು ಇನ್ನೆಲ್ಲಿ ಇಟ್ಟಿದ್ದಾರೋ. ಎಂಜಿನ್ನಿನ ಹಿಂದೆ ಇರಬಹುದು, ನೀರಿನ ಟ್ಯಾಂಕಿನ ಅಡಿ ಇರಬಹುದು. ಬಿದ್ದ ಒಂದು ಹಿತ್ತಾಳೆ ನಟ್ಟು ಸಾಕು. ಒಳಗಿನ ಹಲಗೆ ಪೂರ್ತಿ ಬಿಚ್ಚದೆ ಅವರು ಒಳ್ಳೇದು ಅನ್ನುವುದಿಲ್ಲ. “ಕೆಟ್ಟದು ಅಂತಲೂ ಅನ್ನುದಿಲ್ಲ. ನೋಡದ್ದನ್ನು ಎರಡೂ ಅನ್ನುದಿಲ್ಲ.”

“ಪೂರ್ತಿ ಬಿಚ್ಲಿಕ್ಕೆ ಈಗ ಸಮಯ ಎಲ್ಲುಂಟು? ವಿಲ್ಲಾ ಖಾಲಿ ಮಾಡ್ಬೇಕು. ಈಗ ತೇಪೆ ಹಾಕುವ, ಒಳಗೆ ಇದ್ದುಕೊಂಡೇ ಒಂದೊಂದೇ ಕೋಣೆ ಬಿಚ್ಚುವ,” ಅಂದ ಮಗ. “ನೀರು ಬಂದ್ರೆ ಅಲಾರಂ ಉಂಟು, ಪಂಪು ಉಂಟು.”

“ಅಲಾರಂ ಹೊಡೆದ ಮೇಲೆ ನಾನು ಎಂತ ಮಾಡ್ಬೇಕು?” ಅಂತ ಕೇಳಿದೆ.

“ಮಗುವನ್ನು ಎತ್ತಿಕೊಂಡು ಮೇಲೆ ಬರುದು. ಅಷ್ಟೇ ಅಮ್ಮಾ.”

ಸೊಸೆ ನನ್ನನ್ನು ನೋಡಿದಳು. “ನೀವು ಹೇಳಿದ ಹಾಗೆ ಅತ್ತೆ,” ಅಂದಳು. ಅವಳ ದನಿಯಲ್ಲಿ ಚುಚ್ಚು ಇರಲಿಲ್ಲ. ಅವಳಿಗೂ ಗಂಡನನ್ನು ಬಿಟ್ಟು ಹೋಗುವುದು ಬೇಡವಾಗಿತ್ತು.

ಹಾಸಿಗೆ ತೆಗೆಯುತ್ತೇನೆ ಅಂತ ಹೇಳಿ ನಾನೊಬ್ಬಳೇ ಒಳಗೆ ಹೋದೆ. ನಿಜ ಹೇಳುವುದಾದರೆ ಹೌದು ಅನ್ನಲಿಕ್ಕೆ ಧೈರ್ಯ ತರಲಿಕ್ಕೆ ಹೋದದ್ದು. ಒಂದು ಹೌದು ಅಂದರೆ ಮೊಮ್ಮಗಳು ನನ್ನವಳು, ಬೆಳಿಗ್ಗೆಯಿಂದ ಸಂಜೆವರೆಗೆ. ಮೊದಲ ಹಲ್ಲು, ಮೊದಲ ಹೆಜ್ಜೆ ಎಲ್ಲ ನನ್ನ ಕಣ್ಣೆದುರು. ನನ್ನ ಮಕ್ಕಳು ಊರಲ್ಲಿ ಬೆಳೆಯುವಾಗ ನಾನು ಈ ದೇಶದಲ್ಲಿ ಮೆಷಿನ್ ತುಳಿಯುತ್ತಿದ್ದೆ, ಅದು ಯಾವುದನ್ನೂ ನೋಡಿದವಳಲ್ಲ. ಉದ್ದ ದಿಂಬು ಅಲ್ಲೇ ಬಿದ್ದಿತ್ತು. ಅದರ ಹೊಟ್ಟೆಗೆ ಉಳಿದ ರೆಕ್ಸಿನ್ ಸುರುಳಿ ತುರುಕಿ ಜಿಪ್ ಎಳೆದೆ. ಅವಳ ಭಾರ ನನ್ನ ಕೈಗೆ ಗೊತ್ತು. ಸರಿ ಬರುವವರೆಗೆ ತುರುಕಿದೆ. ಎಡಗೈಯಲ್ಲಿ ಎದೆಗೆ ಒತ್ತಿ ಹಿಡಿದು ಏಣಿಯ ಹತ್ತಿರ ಬಂದೆ.

ಮೊದಲ ಮೆಟ್ಟಿಲು ಸರಿ. ಎರಡನೆಯದಕ್ಕೆ ಮಂಡಿ ನೋವು ಬಂತು, ಬಲಗೈಯಲ್ಲಿ ಜೀವ ಹಿಡಿದು ಹತ್ತಿದೆ. ಮೂರನೆಯದಕ್ಕೆ ಮೇಲಿನ ಹಿಡಿಕೆ ಹಿಡಿಯಬೇಕು. ಅದು ಎಡಗಡೆಗೆ ಉಂಟು. ಎಡಗೈ ಬಿಡಲಿಕ್ಕಿಲ್ಲ. ಬಲಗೈ ಅಲ್ಲಿವರೆಗೆ ಬರುವುದಿಲ್ಲ. ಹಿಂದೆ ಬಾಗಿದೆ. ಇನ್ನೊಮ್ಮೆ ಮಾಡಿದೆ. ಕೈ ಬದಲಿಸಿ ಮಾಡಿದೆ. ಬೋಟು ಮರದ ದಿಮ್ಮಿಗಳ ಮೇಲೆ ಅಲುಗಾಡದೆ ಕೂತಿದೆ, ನೆಲ ಒಣಗಿದೆ, ಹೊರಗೆ ಬಿಸಿಲು, ಯಾವ ಅಲಾರಮ್ಮೂ ಇಲ್ಲ. ಆದರೂ ಮೇಲೆ ಬರಬೇಕಾದರೆ ನಾನು ದಿಂಬನ್ನು ಕೆಳಗೆ ಇಡಲೇಬೇಕಾಯಿತು.

ಇಟ್ಟೆ. ಮೇಲೆ ಬಂದೆ.

“ಬೇಡ ಮಗಾ.”

“ಎಂತ ಬೇಡ? ತೇಪೆ ಹಾಕಿದ್ರೆ...”

“ತೇಪೆ ಹಾಕಿಯೇ ನಿನ್ನನ್ನು ಓದಿಸಿದ್ದು, ತೇಪೆಯ ಬಗ್ಗೆ ನನಗೆ ದೂರಿಲ್ಲ. ಅವಳನ್ನು ಎತ್ತಿಕೊಂಡು ಆ ಏಣಿ ಹತ್ಲಿಕ್ಕೆ ನನಗೆ ಆಗುದಿಲ್ಲ.”

“ಯಾರು ಹೇಳಿದ್ದು?”

“ಈಗ ಹತ್ತಿ ನೋಡಿದೆ.”

ಅವನಿಗೆ ಸಿಟ್ಟು ಬಂತು. ಇಷ್ಟು ದಿನ ಹಾಡು ಹೇಳಿದವಳು, ಪೂಜೆ ಮಾಡಿದವಳು ನಾನೇ. ಏಣಿ ಬದಲಿಸುವ ಅಂದ, ಹಿಡಿದು ಹತ್ತಲಿಕ್ಕೆ ಹಗ್ಗ ಕಟ್ಟುವ ಅಂದ. ಒಂದು ಏಣಿ ಬದಲಿಸಿದರೆ ಒದ್ದೆ ಉಂಟು, ಒದ್ದೆ ನಿಲ್ಲಿಸಿದರೆ ನೋಡದ ತೂತುಗಳು ಉಂಟು, ನೀರಿಗೆ ಬಿದ್ದರೆ ಈಜಲಿಕ್ಕೆ ಬಾರದವಳು ನಾನುಂಟು. ಅಷ್ಟೆಲ್ಲ ಹೇಳಲಿಲ್ಲ. ಕೊನೆಗೆ ಅವನು, “ಹಾಗಾದ್ರೆ ಅಲ್ ಐನ್. ಗೊತ್ತುಂಟಲ್ಲ ನಿನಗೆ?” ಅಂದ. ಹೊಡೆದ ಹಾಗೆ ಅಂದ.

“ಗೊತ್ತುಂಟು.”

ಸರ್ವೇಯರ್ ತಮ್ಮ ಸುತ್ತಿಗೆ, ಯಂತ್ರ ಎಲ್ಲ ಒರೆಸಿ ಚೀಲಕ್ಕೆ ಹಾಕುತ್ತ ಬೇರೆ ಕಡೆ ನೋಡುತ್ತಿದ್ದರು. ಹೋಗುವಾಗ ಮಗುವಿನ ಕೆನ್ನೆ ಮುಟ್ಟಿದರು. ದುಬೈಗೆ ವಾಪಸು ಬರುವಾಗ ಪಿಕಪ್‌ನಲ್ಲಿ ಮಗು ನನ್ನ ತೊಡೆಯ ಮೇಲೆ ನಿದ್ದೆ ಮಾಡಿತು. ಕಾಲು ಜೋಮು ಹಿಡಿದರೂ ನಾನು ಅಲುಗಾಡಲಿಲ್ಲ.

ಆಮೇಲೆ ಎಲ್ಲ ಬೇಗ ಆ‌ಯಿತು. ಸೊಸೆ, ಮಗು ಅಲ್ ಐನ್‌ಗೆ ಹೋದರು. ಮಗ ಯಜಮಾನರ ಬೋಟಿನ ಕೆಲಸದವರ ಕೋಣೆ ಸೇರಿದ. ನಾನು ಅಂಗಡಿಯ ಮಹಡಿಯಲ್ಲಿ, ಇನ್ನು ಮೂವರು ಹೆಂಗಸರ ಜೊತೆ, ಒಂದು ಬೆಡ್‌ಸ್ಪೇಸ್, ಅಂದರೆ ಒಂದು ಮಂಚದಷ್ಟು ಜಾಗ, ಹಿಡಿದೆ. ಮೆಷಿನ್ ಕೆಳಗೆ ಅಂಗಡಿಯಲ್ಲೇ ಉಂಟು. ವಿಲ್ಲಾ ಇದ್ದ ಜಾಗಕ್ಕೆ ತಗಡಿನ ಬೇಲಿ ಬಂತು. ಮಗ ಸ್ವಲ್ಪ ಸಮಯ ಫೋನಿನಲ್ಲಿ ಹೌದು, ಇಲ್ಲ ಅಷ್ಟೇ ಅನ್ನುತ್ತಿದ್ದ. ಈಗ ಮಾತಾಡುತ್ತಾನೆ, ಬೋಟಿನ ಸುದ್ದಿ ಮಾತ್ರ ಎತ್ತುವುದಿಲ್ಲ. ಮಗು ಕೂತುಕೊಳ್ಳಲಿಕ್ಕೆ ಕಲಿತದ್ದು ನನಗೆ ಫೋನಿನಲ್ಲೇ ಗೊತ್ತಾದದ್ದು. ಸೊಸೆ ಹೇಳಿದಳು. ಅವಳಿಗೂ ಅವಳ ಅಕ್ಕನೇ ಹೇಳಿದ್ದಂತೆ, ಆ ಹೊತ್ತಿಗೆ ಇವಳು ಡ್ಯೂಟಿಯಲ್ಲಿದ್ದಳು.

ಮೊನ್ನೆ ರಜೆ ಸಿಕ್ಕಿ ಬಸ್ಸು ಹತ್ತಿ ಹೋದೆ. ದಾರಿಯಿಡೀ ಮರಳು, ನನ್ನ ಎದೆಯೊಳಗೆ ಮದುವೆ ಮನೆ. ಬಾಗಿಲು ತೆರೆದದ್ದು ಸೊಸೆಯ ಅಕ್ಕ, ಸೊಂಟದಲ್ಲಿ ಮಗು. ಎಷ್ಟು ದೊಡ್ಡವಳಾಗಿದ್ದಾಳೆ! ಕೂದಲು ಗುಂಗುರಾಗಿದೆ, ಕೈಯಲ್ಲಿ ಮಡಿಕೆ ಬಿದ್ದಿದೆ. “ಬಾ ನನ್ನ ಚಿನ್ನ” ಅಂತ ಎರಡೂ ಕೈ ಚಾಚಿ ಎತ್ತಿಕೊಂಡೆ. ಅವಳು ನನ್ನ ಮುಖ ನೋಡಿದಳು. ತುಟಿ ಕೆಳಗೆ ಬಾಗಿತು. ಎದೆ ತುಂಬ ಉಸಿರು ಎಳೆದುಕೊಂಡು, ಯಾರೋ ಕದ್ದುಕೊಂಡು ಹೋಗುತ್ತಿದ್ದಾರೆ ಅನ್ನುವ ಹಾಗೆ ಕಿರಿಚಿ ಅತ್ತಳು. ಎಂಥ ದನಿ! ಎಂಥ ಶಕ್ತಿ ಆ ಒದೆಯುವ ಕಾಲಿಗೆ! ನನಗೆ ತಡೆಯಲಾಗದೆ ನಗು ಬಂತು, ಅದರ ಜೊತೆಗೆ ಉಳಿದದ್ದೂ ಬಂತು.

“ಆಂಟಿ, ಮಗು ಅಳ್ತಾ ಉಂಟು, ನೀವು ನಗ್ತೀರಲ್ಲ,” ಅಂತ ಅಕ್ಕ ಗಾಬರಿಯಾಗಿ ಕೈ ಚಾಚಿದಳು.

ಕೊಟ್ಟೆ. ಅವಳ ಹೆಗಲಿಗೆ ಮುಖ ಒತ್ತಿದ ಕೂಡಲೇ ಮಗು ಸುಮ್ಮನಾಯಿತು. ಅಲ್ಲಿಂದ ಒಂದೇ ಕಣ್ಣು ಹೊರಗೆ ಹಾಕಿ, ಬಿಕ್ಕುತ್ತ, ಇವಳು ಯಾರು ಅಂತ ನನ್ನನ್ನು ನೋಡಿದಳು. ನಾನೂ ಬಾಗಿಲ ಹೊರಗೆ ಚೀಲ ಹಿಡಿದುಕೊಂಡೇ ನಿಂತು ನೋಡಿದೆ. ಎಷ್ಟು ಚೆಂದ ಇದ್ದಾಳೆ ದೇವರೇ, ಎಷ್ಟು ಚೆಂದ.